ಸೊರಬದಜ್ಜನ ಹಣೆ

ಶಿಕಾರಿಪುರ, ಹೊರಡುವ ಮುನ್ನ

ಈ ಬರಹದ ಮೊದಲ ಸಾಲನ್ನು ನಾಲ್ಕು ಸಲ ಬರೆದು ಹೊಡೆದು ಹಾಕಿದ್ದೇನೆ. ನಾಲ್ಕರಲ್ಲೂ ನಾನು ಒಳ್ಳೆಯವಳಾಗಿ ಕಾಣುತ್ತಿದ್ದೆ. ಆದ್ದರಿಂದ ಗೋಡೆಯಿಂದ ಶುರು ಮಾಡುತ್ತೇನೆ. ಗೋಡೆಗೆ ನನ್ನ ಮೇಲೆ ವಿಶೇಷ ಪ್ರೀತಿಯಿಲ್ಲ.

ನಮ್ಮ ಮನೆಯ ದೇವರ ಕೋಣೆಯ ಪಕ್ಕದ ಗೋಡೆಯಲ್ಲಿ ಐದು ಪಟಗಳಿದ್ದವು. ಅಪ್ಪ, ಅವ್ವ, ಅಜ್ಜ, ಅಜ್ಜಿ, ಇವರ ನಾಲ್ಕು ಫೋಟೋಗಳು. ಐದನೆಯದು ಫೋಟೋ ಅಲ್ಲ, ಅಚ್ಚು. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಗೆರೆಗೆ ಮಸಿ ತುಂಬಿ, ಒದ್ದೆ ಕಾಗದದ ಮೇಲೆ ಒತ್ತಿ ತೆಗೆದದ್ದು. ಅದರಲ್ಲೊಬ್ಬ ವಯಸ್ಸಾದ ಮನುಷ್ಯ ಕೂತಿದ್ದಾನೆ. ತಲೆಗೆ ರುಮಾಲಿನಂಥದ್ದು, ಮೈಮೇಲೆ ಶಾಲಿನಂತೆ ಇಳಿಬಿದ್ದ ನಿಲುವಂಗಿ. ಎಡಗೈಯನ್ನು ಎದೆಮಟ್ಟಕ್ಕೆ ಎತ್ತಿ, ಅಂಗೈಯೊಳಗಿನ ಒಂದು ಗುಂಡನೆಯ ವಸ್ತುವನ್ನು ದಿಟ್ಟಿಸುತ್ತಿದ್ದಾನೆ. ಕೆಳಗೆ ಹೆಸರಿಲ್ಲ. ಹೆಸರು ಇರಬೇಕಾದ ಜಾಗ ಖಾಲಿ.

ನಮ್ಮಂಥ ಮನೆಯಲ್ಲಿ ಅದನ್ನು ನೋಡಿದವರು ಬೇರೆ ಏನೆಂದುಕೊಂಡಾರು? ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಅದರಲ್ಲೇ ಕಣ್ಣು ನೆಟ್ಟು ಕೂರುವುದನ್ನು ನಾವು ದಿನವೂ ನೋಡಿದವರು. ಪಟದಲ್ಲಿದ್ದವರು ಲಿಂಗಪೂಜೆಗೆ ಕೂತ ನಮ್ಮ ಹಿರಿಯರು. ಅಜ್ಜಿ ಸೊರಬದಿಂದ ಸೊಸೆಯಾಗಿ ಬಂದಾಗ ಟ್ರಂಕಿನಲ್ಲಿ ತಂದ ಪಟವಂತೆ, ಅವರ ಅಜ್ಜನದು. ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು, ಕೇಳುವ ಹಾಗಿರಲಿಲ್ಲ. ಎಲ್ಲರ ಬಾಯಲ್ಲೂ ಅವರು 'ಸೊರಬದಜ್ಜ'.

ಅಕ್ಕ ಗೌರಮ್ಮನಿಗೆ ಈಗ ಎಪ್ಪತ್ತೊಂದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಬಂದ ಮೊದಲ ಸೋಮವಾರದಿಂದ ಐದೂ ಪಟಗಳಿಗೆ ವಿಭೂತಿ ಹಚ್ಚುತ್ತ ಬಂದಿದ್ದಾಳೆ. ಮೂರು ಬೆರಳನ್ನು ನೀರಲ್ಲಿ ಅದ್ದುವುದು, ವಿಭೂತಿ ಗಟ್ಟಿಯ ಮೇಲೆ ಉಜ್ಜುವುದು, ಗಾಜಿನ ಮೇಲೆ ಹಣೆ ಇರುವಲ್ಲಿ ಎಳೆಯುವುದು. ಒಂದು ಸಲ ಸೊರಬದಜ್ಜನ ಗಾಜು ಒಡೆದು ಬಹಳ ದಿನ ಹಾಗೇ ಇತ್ತು. ಆಗ ಆಕೆ ಕಾಗದದ ಮೇಲೇ ಹಚ್ಚಿದಳು. ಮೂರು ಪಟ್ಟೆ ಹಣೆಗೆ ಕಚ್ಚಿ ಕೂತುಬಿಟ್ಟವು. ಆಮೇಲೆ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಹೊಸ ಗಾಜು, ಹೊಸ ಕಟ್ಟು ಹಾಕಿಸಿ ತಂದವಳು ನಾನೇ.

ನಾನು ಚಿತ್ರಕಲೆ ಓದಿದವಳು, ಮಕ್ಕಳಿಗೆ ಅದನ್ನೇ ಕಲಿಸಿ ನಿವೃತ್ತಳಾದವಳು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ರಜೆಗೆ ಮನೆಗೆ ಬಂದಾಗ ಊಟಕ್ಕೆ ಕೂತವರ ಮುಂದೆಲ್ಲ ಹೇಳಿದ್ದೆ: "ಇವನು ನಮ್ಮ ಅಜ್ಜ ಅಲ್ಲ, ಯಾರೋ ಬಿಳಿಯ. ಕಣ್ಣಿದ್ದವರಿಗೆ ಗೊತ್ತಾಗುತ್ತೆ." ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದ್ದು ನೆನಪಿದೆ. ಅಕ್ಕ ತಿಂಗಳುಗಟ್ಟಲೆ ಮಾತು ಬಿಟ್ಟಳು ಎಂದು ಎಷ್ಟೋ ಜನರಿಗೆ ಹೇಳಿಕೊಂಡು ಬಂದಿದ್ದೇನೆ. ಒಂದೇ ದಿನ ಬಿಟ್ಟಿದ್ದಿರಲೂಬಹುದು. ಅಪ್ಪ ಅಂದು ರೊಟ್ಟಿ ತಿನ್ನುತ್ತಿದ್ದಿರಲೂಬಹುದು.

ಹೋದ ವರ್ಷ ಅಂತರ್ಜಾಲದಲ್ಲಿ ಅಚ್ಚಿನ ಚಿತ್ರ ಮಾಡುವವರ ಒಂದು ಗುಂಪಿನಲ್ಲಿ ಈ ಪಟದ ಫೋಟೋ ಹಾಕಿದೆ. ಜರ್ಮನಿಯ ಒಂದು ಸಣ್ಣ ಊರಿನ ಮ್ಯೂಸಿಯಂನಿಂದ ಪತ್ರ ಬಂತು. ಬರೆದವಳು ಉಲ್ರಿಕೆ, ಹಳೆಯ ಕಾಗದಗಳನ್ನು ದುರಸ್ತಿ ಮಾಡುವವಳು. ಪಟದಲ್ಲಿರುವಾತ ಹದಿನೆಂಟನೆಯ ಶತಮಾನದ ತಮ್ಮೂರಿನ ಖಗೋಳಜ್ಞ, ಈ ಚಿತ್ರದ ಪ್ರತಿಗಳು ಇನ್ನೂ ಕೆಲವಿವೆ, ಆದರೆ ಅವೆಲ್ಲದರ ಕೆಳಗೆ ಹೆಸರು ಕೊರೆದಿದೆ; ನಿಮ್ಮದು ಹೆಸರು ಕೊರೆಯುವ ಮೊದಲೇ ಒತ್ತಿದ್ದು, ಅಂಥದ್ದು ನಮ್ಮಲ್ಲೂ ಇಲ್ಲ ಎಂದಿದ್ದಳು. ಪಟ ತನ್ನಿ, ಮೂರು ವಾರ ನಮ್ಮ ಅತಿಥಿಯಾಗಿರಿ, ದುರಸ್ತಿ ಮಾಡಿ ಒಂದು ನಕಲು ಇಟ್ಟುಕೊಂಡು ಮೂಲವನ್ನು ನಿಮಗೇ ಕೊಡುತ್ತೇವೆ ಎಂದಿದ್ದಳು.

ಪತ್ರ ಓದಿ ನನಗಾದದ್ದು ಸಂತೋಷವಲ್ಲ. ಗೆದ್ದೆ ಅನ್ನಿಸಿತು.

"ಅಲ್ಲೀತನಕ ಒಯ್ದು ಏನ್ ಕೇಳ್ತೀಯೇ ಅವರನ್ನ?" ಎಂದಳು ಅಕ್ಕ.

"ಇವರು ಯಾರು ಅಂತ."

"ನನ್ನ ಕೇಳು, ಹೇಳ್ತೀನಿ. ಇಮಾನ ಹತ್ತೋದು ತಪ್ಪತೈತಿ."

"ಅಕ್ಕಾ, ಅವರ ಹತ್ರ ಪುಸ್ತಕ ಐತಿ, ದಾಖಲೆ ಐತಿ."

"ನಮ್ಮ ಹತ್ರ ಅಜ್ಜನೇ ಅದಾನಲ್ಲೇ."

ಎರಡು ಸೋಮವಾರ ಕಳೆದ ಮೇಲೆ ಆಕೆಯೇ ಪಟವನ್ನು ಮೊಳೆಯಿಂದ ಇಳಿಸಿ, ತನ್ನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ನನ್ನ ಮಡಿಲಲ್ಲಿಟ್ಟಳು.

"ಒಯ್ಯಿ. ಆದ್ರ ಹಣಿ ಒರಸಗೊಡಬ್ಯಾಡ. ಹೇಳು ಅವರಿಗೆ. ಹೆಂಗ್ ಹೊಂಟಾರೋ ಹಂಗ ಬರಬೇಕು."

"ಹಂಗೇ ತರ್ತೀನಿ ಬಿಡಕ್ಕ."

ಈ ಮಾತು ಆಡಿದ್ದು ಖಂಡಿತ. ಇದೊಂದು ಮರೆತಿದ್ದರೆ ಚೆನ್ನಾಗಿತ್ತು.

ಸೊರಬ

ಹೊರಡುವ ವಾರ ಸೊರಬಕ್ಕೆ ಹೋದೆ. ಅಜ್ಜಿಯ ತಮ್ಮನ ಮೊಮ್ಮಗ ಬಸಪ್ಪಣ್ಣ ಅಲ್ಲಿ ಭತ್ತದ ವ್ಯಾಪಾರ ಮಾಡುತ್ತಾನೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ತಾಳಗುಂದದ ಕ್ರಾಸ್ ಬರುವಷ್ಟರಲ್ಲಿ ನನ್ನ ಊರು, ಮನೆತನ, ಮದುವೆಯಾಗದ್ದಕ್ಕೆ ಕಾರಣ ಎಲ್ಲ ತಿಳಿದುಕೊಂಡು, ಕಾರಣ ಒಪ್ಪಿಗೆಯಾಗದೆ ಮುಖ ತಿರುಗಿಸಿದ್ದಳು.

ಬಸಪ್ಪಣ್ಣ ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ ಟೀ ತರಿಸಿದ. ಫೋನಿನಲ್ಲಿ ಪಟದ ಫೋಟೋ ತೋರಿಸಿದೆ. ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ.

"ಎಂತ ಮಾರಾಯ್ತಿ, ಇವ್ರು ನಮ್ಮೋರಾ? ಮೂಗು ನೋಡು."

"ಅದನ್ನೇ ನಾನು ನಲವತ್ತು ವರ್ಷದಿಂದ ಹೇಳ್ತಿರೋದು."

"ಅಲ್ಲ, ನಮ್ಮಪ್ಪ ಹೇಳ್ತಿದ್ರು, ಅವ್ರ ಅತ್ತೆ, ನಿಮ್ಮಜ್ಜಿ ಮದುವೆ ಟೈಮಲ್ಲಿ ಎರಡು ಪಟ ಹೋಗಿದ್ವು ಅಂತ ನಿಮ್ಮನೆಗೆ. ಒಂದು ಅಜ್ಜಂದು, ಇನ್ನೊಂದು ಎಂತದೋ ಚಂದ ಐತೆ ಅಂತ ಕೊಟ್ಟಿದ್ದು."

"ಒಂದೇ ಇರೋದು."

"ಹಂಗಾರೆ ಒಂದೇ ಇರಬೋದು ಬಿಡು. ನಮ್ಮಪ್ಪ ಕೊನೆಕೊನೆಗೆ ನನ್ನ ಹೆಸರೇ ತಪ್ಪು ಹೇಳ್ತಿದ್ರು." ಟೀ ಲೋಟ ಕೆಳಗಿಟ್ಟ. "ಎಲ್ಲಿಂದ ಬಂತೋ ಇದು. ಭೂಮಿ ಅಳೆಯೋಕೆ ಬಂದ ಸಾಹೇಬ ಯಾರಾದ್ರೂ ಕೊಟ್ಟಿರಬೋದು. ಮನೇಲಿ ಶ್ಯಾನುಭೋಗಿಕೆ ಇತ್ತಂತೆ. ಇರಬೋದು ಅಂದೆ ಮತ್ತೆ, ನಾ ಕಂಡಿಲ್ಲ."

ಅವನ ಮಾತಿನಲ್ಲಿ ನನಗೆ ಬೇಕಾದದ್ದನ್ನು ಆರಿಸಿಕೊಂಡೆ. ಮೂಗು ಬೇಕಾಗಿತ್ತು, ತೆಗೆದುಕೊಂಡೆ. ಸಾಹೇಬ ಚೆನ್ನಾಗಿದ್ದ, ಅವನನ್ನೂ ತೆಗೆದುಕೊಂಡೆ. ಎರಡು ಪಟದ ಮಾತನ್ನು ಟೀ ಲೋಟದ ಜೊತೆ ಕಟ್ಟೆಯ ಮೇಲೇ ಬಿಟ್ಟು ಬಸ್ಸು ಹತ್ತಿದೆ.

ವಿಮಾನ ನಿಲ್ದಾಣ

ಪಟ ನನ್ನ ಕೈಚೀಲದಲ್ಲಿತ್ತು. ಜರ್ಮನಿಯಲ್ಲಿ ವಿಮಾನ ಇಳಿದ ಮೇಲೆ ಸಮವಸ್ತ್ರದ ಒಬ್ಬ ಹುಡುಗಿ ಚೀಲವನ್ನು ಪಕ್ಕಕ್ಕೆ ತೆಗೆದಿಟ್ಟಳು. ತಳದಲ್ಲಿ ನಾನೇ ಅರಿಯದ ಒಂದು ಬಿಳಿಯ ಗಟ್ಟಿ ಸಿಕ್ಕಿತು. ಅಕ್ಕ ಕರವಸ್ತ್ರದಲ್ಲಿ ಕಟ್ಟಿ ಇಟ್ಟ ವಿಭೂತಿ. ನಾನು ಸೋಮವಾರಗಳನ್ನು ಮರೆಯುತ್ತೇನೆಂದು ಆಕೆಗೆ ಗೊತ್ತು.

ಕೈಗವಸು ಹಾಕಿಕೊಂಡ ಇಬ್ಬರು ಬಂದು ಅದರ ಮೇಲೊಂದು ಬಟ್ಟೆಚೂರು ಒರೆಸಿ ಯಂತ್ರಕ್ಕೆ ಕೊಟ್ಟರು. ಯಂತ್ರ ಬಹಳ ಹೊತ್ತು ಯೋಚಿಸಿತು.

"ಏನಿದು?"

"ಬೂದಿ," ಎಂದೆ.

"ಯಾರದ್ದು?"

ಆ ಪ್ರಶ್ನೆ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸತ್ತವರ ಬೂದಿಯನ್ನು ಬಗಲಲ್ಲಿಟ್ಟುಕೊಂಡು ತಿರುಗುವವರು ಆ ಕಡೆಯ ದೇಶಗಳಲ್ಲಿದ್ದಾರಂತೆ. ಹೂಳುವ ಜನ ನಾವು, ನಮ್ಮಲ್ಲಿ ಯಾರ ಬೂದಿಯೂ ಇಲ್ಲ ಎಂದು ಹೇಳುವಷ್ಟು ಇಂಗ್ಲಿಷ್ ಆ ಗಳಿಗೆಯಲ್ಲಿ ಬರಲಿಲ್ಲ. "ಹಸುವಿನ ಸಗಣಿಯದ್ದು" ಎಂದೆ. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಆಮೇಲೆ ಹುಡುಗಿ ಸೀರೆ ಬಿಚ್ಚಿ ಪಟ ನೋಡಿದಳು. ಪಟದ ಬಿಳಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಇವರು ಯಾರು?"

ಜೀವಮಾನವಿಡೀ ಇದೊಂದು ಪ್ರಶ್ನೆಗಾಗಿ ಕಾಯುತ್ತಿದ್ದವಳು ನಾನು. ಉತ್ತರ ಕೈಚೀಲದಲ್ಲೇ, ಮ್ಯೂಸಿಯಂನ ಪತ್ರದಲ್ಲೇ ಇತ್ತು.

"ನನ್ನ ಅಜ್ಜ," ಎಂದೆ.

ಹುಡುಗಿ ಮತ್ತೆ ಸೀರೆ ಸುತ್ತಿ ಕೊಟ್ಟಳು. ವಿಭೂತಿಯನ್ನು ಮಾತ್ರ ಇಟ್ಟುಕೊಂಡರು.

ಖಗೋಳಜ್ಞನ ಊರು, ಮೊದಲ ವಾರ

ಊರಿನ ಹೆಸರು ಬರೆಯುವುದಿಲ್ಲ, ಆ ಮನುಷ್ಯನ ಹೆಸರನ್ನೂ. ನಮ್ಮ ಹಾಳೆಯಲ್ಲಿ ಆ ಜಾಗ ಖಾಲಿಯಿದೆ, ಇಲ್ಲೂ ಖಾಲಿಯಿರಲಿ.

ಸಣ್ಣ ಊರು. ನದಿ ಕಾಲುವೆಯಷ್ಟೇ ಅಗಲ, ಆದರೂ ಅದಕ್ಕೆ ನಾಲ್ಕು ಸೇತುವೆ. ಜನ ಸೈಕಲ್ಲಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡುತ್ತಾರೆ, ಯಾರದೋ ಕಣ್ಣೆದುರು ಪರೀಕ್ಷೆಗೆ ಕೂತವರ ಹಾಗೆ. ಕೆಂಪು ದೀಪ ಇದ್ದರೆ ಖಾಲಿ ರಸ್ತೆಯಲ್ಲೂ ನಿಲ್ಲುತ್ತಾರೆ. ಮೊದಲ ದಿನ ದಾಟಿಬಿಟ್ಟೆ. ಆಚೆ ಬದಿಯ ಮುದುಕಿಯೊಬ್ಬಳು ಕೋಲೆತ್ತಿ ಉದ್ದಕ್ಕೂ ಏನೋ ಬೈದಳು. ಆ ಊರಿನಲ್ಲಿ ತಾನಾಗಿ ನನ್ನೊಡನೆ ಮಾತಾಡಿದ ಮೊದಲ ವ್ಯಕ್ತಿ ಅವಳೇ, ಹಾಗಾಗಿ ಕೃತಜ್ಞತೆಯಿಂದ ನಿಂತು ಕೇಳಿಸಿಕೊಂಡೆ.

ಬಸ್ಸಿನಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುವುದಿಲ್ಲ. ಮೂರು ವಾರದಲ್ಲಿ ಒಬ್ಬರೂ ನಾನು ಯಾರ ಪೈಕಿ ಎಂದು ಕೇಳಲಿಲ್ಲ. ಮೊದಮೊದಲು ಹಗುರವೆನಿಸಿತು. ಎರಡನೆಯ ವಾರದಲ್ಲಿ ಬಸ್ಸಿನ ಕಿಟಕಿಯಲ್ಲಿ ನನ್ನ ಪ್ರತಿಬಿಂಬ ಕಂಡು, ಇವಳು ಯಾರ ಪೈಕಿ ಎಂದು ನಾನೇ ಕೇಳಿಕೊಂಡೆ.

ನನಗೆ ಕೋಣೆ ಕೊಟ್ಟಿದ್ದ ಮನೆಯೊಡತಿ ಫ್ರಿಜ್ಜಿನಲ್ಲಿ ಒಂದು ಅಂತಸ್ತಿಗೆ ನನ್ನ ಹೆಸರಿನ ಚೀಟಿ ಅಂಟಿಸಿದ್ದಳು. ಭಾನುವಾರ ಬಟ್ಟೆ ಒಗೆದು ಬಾಲ್ಕನಿಯಲ್ಲಿ ಹರವಿದ್ದಕ್ಕೆ ಪಕ್ಕದ ಮನೆಯವರು ಬಾಗಿಲಿಗೆ ಇನ್ನೊಂದು ಚೀಟಿ ಅಂಟಿಸಿದರು. ಅಲ್ಲಿ ಭಾನುವಾರ ಒಗೆಯಬಾರದು, ಸದ್ದು ಮಾಡಬಾರದು. ನಮ್ಮಕ್ಕನ ಸೋಮವಾರಗಳನ್ನು ನೋಡಿ ನಗುತ್ತಿದ್ದ ನಾನು ಅವರ ಭಾನುವಾರಕ್ಕೆ ತಗ್ಗಿ, ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ತುಂಬಿ ಒಳಗೆ ತಂದೆ.

ಮ್ಯೂಸಿಯಂ

ಉಲ್ರಿಕೆ ನನ್ನ ವಯಸ್ಸಿನವಳು. ಕತ್ತರಿಸಿದ ಬಿಳಿ ಕೂದಲು, ಉಗುರಿನ ಸಂದಿಯಲ್ಲೂ ಕಲೆಯಿಲ್ಲದ ಕೈ. ಪಟ ಬಿಚ್ಚಿದಾಗ ಅವಳು ಉಸಿರು ಹಿಡಿದಳು. ನಲವತ್ತು ವರ್ಷ ಅದೇ ಗೋಡೆಯಡಿ ಉಂಡವಳು ನಾನು. ನನ್ನ ಉಸಿರು ಆ ಹಾಳೆ ನೋಡಿ ಒಂದು ಸಲವೂ ಹಾಗೆ ನಿಂತಿರಲಿಲ್ಲ.

"ಎಷ್ಟು ಕಪ್ಪು! ತಗಡು ಹೊಸದಿದ್ದಾಗ ಒತ್ತಿದ್ದು. ಗೆರೆಗಳು ಸವೆದಿಲ್ಲ," ಎಂದಳು. ಆಮೇಲೆ ಹಣೆಯ ಮೇಲೆ ದೀಪ ಬಗ್ಗಿಸಿದಳು. "ಇದೇನು?"

ಅಕ್ಕ ಹೇಳು ಎಂದದ್ದನ್ನು ಹೇಳಬೇಕಾಗಿದ್ದ ಗಳಿಗೆ ಅದು.

"ಮನೆಯಲ್ಲಿ ದೇವರ ಕೋಣೆ ಹತ್ತಿರ ಇತ್ತು. ಬೂದಿ ಹಾರಿ ಕೂತಿರಬೇಕು," ಎಂದೆ.

ಮೂರು ನೇರ ಪಟ್ಟೆಯಾಗಿ ಹಾರಿ ಕೂರುವ ಬೂದಿ! ಉಲ್ರಿಕೆ ಸಭ್ಯಳು, ಬರೆದುಕೊಂಡಳು. ನಮ್ಮ ಮನೆಯವರು ಹಳ್ಳಿಯ ದಡ್ಡರೆಂದು ಅವಳು ತಿಳಿದಾಳೆಂಬ ನಾಚಿಕೆ ನನಗೆ. ಇಪ್ಪತ್ತೆರಡರಲ್ಲಿ ಊಟದ ಹೊತ್ತಿಗೆ ಹುಟ್ಟಿದ ನಾಚಿಕೆ ನಾನು ಅರವತ್ತು ದಾಟಿದರೂ ಮುಪ್ಪಾಗಿರಲಿಲ್ಲ.

"ಕೈಯಲ್ಲಿರುವುದು ಏನೆಂದುಕೊಂಡಿದ್ದಿರಿ ನೀವೆಲ್ಲ?"

"ದೇವರು."

ಅವಳು ನಗಲಿಲ್ಲ. ಒಂದು ಕಪಾಟಿನ ಬಾಗಿಲು ತೆರೆದು ಅಂಥದ್ದೇ ಒಂದು ಗುಂಡನ್ನು ನನ್ನ ಎಡ ಅಂಗೈಯಲ್ಲಿಟ್ಟಳು. ಜೇಬಿನಲ್ಲಿಟ್ಟುಕೊಳ್ಳುವ ಗೋಲ. ಮೇಲೆಲ್ಲ ನಕ್ಷತ್ರಗಳು, ನಕ್ಷತ್ರಗಳ ನಡುವೆ ಕರಡಿ, ಹಾವು, ತಕ್ಕಡಿ. "ಇದು ಆಕಾಶ," ಎಂದಳು. "ಹೊರಗಿನಿಂದ ಕಂಡ ಹಾಗೆ. ಹಾಗೆ ನೋಡಲು ಯಾರಿಗೂ ಆಗುವುದಿಲ್ಲ, ದೇವರಿಗೆ ಬಿಟ್ಟು. ಆದ್ದರಿಂದ ನಿಮ್ಮವರು ಹೇಳಿದ್ದರಲ್ಲಿ ದೊಡ್ಡ ತಪ್ಪಿಲ್ಲ."

ಅಷ್ಟು ಹಗುರವಾದ ವಸ್ತುವನ್ನು ನಾನು ಈಚೆಗೆ ಹಿಡಿದಿರಲಿಲ್ಲ. ಅವಳಿಗೆ ಪಟ್ಟೆಗಳ ಬಗ್ಗೆ ನಿಜ ಹೇಳಿದ್ದರೆ ಅರ್ಥ ಮಾಡಿಕೊಳ್ಳುತ್ತಿದ್ದಳು ಎಂದು ಆಗಲೇ ಗೊತ್ತಾಯಿತು. ಆದರೂ ಹೇಳಲಿಲ್ಲ.

ಮೂರನೆಯ ದಿನ ಅವಳು ಐದು ಹಾಳೆಯ ವರದಿ ತಂದು ಮೇಜಿನ ಮೇಲಿಟ್ಟಳು. ಒಂದೊಂದು ಪುಟದ ಬಲಗಡೆ ಒಂದೆರಡು ಕಡೆ ಪೆನ್ಸಿಲ್ಲಿನಲ್ಲಿ ಸಣ್ಣ ಇಂಟು ಗುರುತು.

ಇಲ್ಲಿ ನಮ್ಮೂರಿನ ಒಂದು ಅಭ್ಯಾಸ ಹೇಳಬೇಕು. ಪಹಣಿ ತಿದ್ದಿಸಲು, ಖಾತೆ ಬದಲಿಸಲು ತಾಲ್ಲೂಕು ಕಚೇರಿಗೆ ಹೋದವರಿಗೆಲ್ಲ ಗೊತ್ತಿರುವುದೇ. ಅರ್ಜಿ ಬರೆಯುವವನು ಪೆನ್ಸಿಲ್ಲಿನಲ್ಲಿ ಇಂಟು ಹಾಕಿ ಕೊಡುತ್ತಾನೆ. ಇಂಟು ಇದ್ದಲ್ಲಿ ಸಹಿ ಹಾಕುವುದು. ಓದಲು ಕೂತರೆ ಹಿಂದೆ ನಿಂತವರು "ಏನ್ರೀ, ಪರೀಕ್ಷೆಗೆ ಓದ್ತೀರೇನ್ರೀ?" ಅನ್ನುತ್ತಾರೆ. ಅಪ್ಪ ಹಾಗೆ ಹಾಕಿದ, ಅಕ್ಕ ಹಾಗೆ ಹಾಕಿದಳು, ಮೂವತ್ತು ವರ್ಷ ಮಕ್ಕಳ ಅಂಕಪಟ್ಟಿಗೆ ನಾನೂ ಹಾಗೇ ಹಾಕಿದೆ. ಇಂಟು ಕಂಡರೆ ನಮ್ಮ ಕೈ ತಾನಾಗಿ ಪೆನ್ನು ಹುಡುಕುತ್ತದೆ.

"ಮನೆಗೆ ಒಯ್ದು ಓದಿ. ಅವಸರವಿಲ್ಲ. ಗುರುತಿರುವಲ್ಲಿ ನಿಮ್ಮ ಒಪ್ಪಿಗೆಯೋ ಇಲ್ಲವೋ ಬರೆಯಬೇಕು," ಎಂದಳು ಉಲ್ರಿಕೆ. ವರದಿ ಇಂಗ್ಲಿಷಿನಲ್ಲೇ ಇತ್ತು. ಭಾಷೆ ಬಾರದೆ ಆಯಿತು ಎನ್ನುವಂತಿಲ್ಲ.

ಅವಳೆದುರೇ ಏಳು ಕಡೆಯೂ 'ಒಪ್ಪಿಗೆ' ಎಂದು ಬರೆದು ಸಹಿ ಹಾಕಿದೆ. ಓದಲು ಮನೆಗೆ ಒಯ್ಯುವವಳು ಎನಿಸಿಕೊಳ್ಳುವುದು ಬೇಕಿರಲಿಲ್ಲ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. "ಎಲ್ಲ ಸ್ಪಷ್ಟವಾಗಿದೆಯೇ?" ನಾನು ತಲೆಯಾಡಿಸಿದೆ, ನಮ್ಮ ಕಡೆ ಆಡಿಸುವ ಹಾಗೆ. ಅವಳಿಗೆ ಅದು ಹೌದೋ ಅಲ್ಲವೋ ಗೊತ್ತಾಗಲಿಲ್ಲವೆಂದು ಕಾಣುತ್ತದೆ. ಮತ್ತೆ ಕೇಳಿದಳು. "ಹೌದು, ಹೌದು," ಎಂದೆ.

ಎರಡನೆಯ ವಾರ

ಆ ವಾರವೆಲ್ಲ ಊರು ಸುತ್ತಿದೆ. ಖಗೋಳಜ್ಞ ನಿಂತು ಆಕಾಶ ನೋಡುತ್ತಿದ್ದ ಗೋಪುರ ಹತ್ತಿದೆ. ಬಾಗಿಲಲ್ಲಿದ್ದ ಹೆಂಗಸು ಆತ ಅಲ್ಲಿ ಎಷ್ಟೋ ಚಳಿಗಾಲ ಕೂತು, ಮೋಡವನ್ನೇ ಹೆಚ್ಚಾಗಿ ನೋಡಿದ ಎಂದು ಹೇಳಿದಳು. ತನ್ನ ದಿನಚರಿಯಲ್ಲಿ ಸಾಲುಸಾಲಾಗಿ "ಮೋಡ" ಎಂದೇ ಬರೆದಿದ್ದಾನಂತೆ. ಆತನ ಬಗ್ಗೆ ನನಗೆ ಇಷ್ಟವಾದದ್ದು ಅದೊಂದೇ. ಕಾಣದ್ದನ್ನು ಕಂಡೆ ಎಂದು ಬರೆಯಲಿಲ್ಲ.

ಅಕ್ಕ ಎರಡು ದಿನಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಆಕೆಯ ಫೋನಿನಲ್ಲಿ ಯಾವಾಗಲೂ ಕಾಣುವುದು ಮನೆಯ ಜಂತೆ ಮತ್ತು ಆಕೆಯ ಒಂದು ಕಣ್ಣು.

"ಅಜ್ಜ ಎಲ್ಲಿ ಅದಾನೇ?"

"ಆಸ್ಪತ್ರೆಲಿ ಇದ್ದಂಗೆ ಇದಾನೆ. ದೊಡ್ಡ ಮೇಜು, ದೀಪ, ಎಲ್ಲ ಬಿಳಿ."

"ಹಣಿ?"

"ಅಲ್ಲೇ ಐತಿ."

"ಹೇಳೀಯಿಲ್ಲೋ ಅವರಿಗೆ?"

"ಹೇಳೀನಿ."

ಈ ಸುಳ್ಳನ್ನು ಇಲ್ಲಿ ಬಿಟ್ಟುಬಿಡಬಹುದಾಗಿತ್ತು. ಅಕ್ಕ ಇದನ್ನು ಓದುವವಳಲ್ಲ.

ಗುರುವಾರ ಉಲ್ರಿಕೆ ಬರಹೇಳಿದಳು. ಮೇಜಿನ ಮೇಲೆ ಹಾಳೆ ಒಂಟಿಯಾಗಿ, ಕಟ್ಟಿಲ್ಲದೆ ಮಲಗಿತ್ತು. ಹಣೆ ಬೆಳ್ಳಗಿತ್ತು. ಗೆರೆಗಳು ಮಾತ್ರ, ಕೊರೆದವನು ಬಿಟ್ಟ ಹಾಗೆ. ಮೊದಲು ನನಗೆ ಯಾರೆಂದೇ ಗುರುತು ಸಿಗಲಿಲ್ಲ. ಮುಂಡಾಸು ಬಿಚ್ಚಿಟ್ಟ ಪರಿಚಯಸ್ಥರನ್ನು ರಸ್ತೆಯಲ್ಲಿ ಕಂಡ ಹಾಗೆ.

"ಹಣೆಯದ್ದು ಸುಲಭವಾಗಿ ಬಂತು. ಹಿಂದಿನ ರಟ್ಟು ಕಷ್ಟ ಕೊಟ್ಟಿತು," ಎಂದಳು. "ವರದಿಯ ಮೂರನೆಯ ಪುಟದಲ್ಲಿತ್ತಲ್ಲ. ಚೌಕಟ್ಟಿಗೆ ನೀರು ಇಳಿದು ಇಳಿದು ರಟ್ಟು ಚಿತ್ರದ ಬೆನ್ನಿಗೆ ಅಂಟಿಹೋಗಿತ್ತು. ಬಿಡಿಸಿದರೆ ರಟ್ಟಿನ ಈಚೆಯ ಮುಖ ಉಳಿಯುವುದಿಲ್ಲ ಎಂದು ಬರೆದಿದ್ದೆ. ನೀವು ಬಿಡಿಸಿ ಎಂದಿರಿ."

ಅವಳು ಒಂದು ತಟ್ಟೆ ಮುಂದಿಟ್ಟಳು. ಅದರಲ್ಲಿ ಒಂದು ಹಳೆಯ ದಪ್ಪ ರಟ್ಟು. "ಇದರ ಹೊರಮೈಗೆ ಕಟ್ಟು ಹಾಕಿದವರು ಕಂದು ಕಾಗದ ಅಂಟಿಸಿದ್ದರು. ನಿನ್ನೆ ಅದನ್ನು ತೆಗೆದಾಗ ಬರಹ ಕಂಡಿತು. ನಿಮ್ಮ ಲಿಪಿಯೇ? ಓದಲು ಆಗುತ್ತದೆಯೇ?"

ದುಂಡಗಿನ ಅಕ್ಷರ. ನಮ್ಮ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗಳ ಚೀಟಿಗಳಲ್ಲಿ ಇಂದಿಗೂ ಇರುವ, ಅಜ್ಜಿಯ ಅಕ್ಷರ. *ನಮ್ಮ ಅಜ್ಜಯ್ಯ. ಸೊರಬದ ಮನೆಯಲ್ಲಿ ತೆಗೆಸಿದ್ದು.*

ರಟ್ಟನ್ನು ತಿರುಗಿಸಿದೆ. ಆಚೆ ಕಡೆ ಫೋಟೋ ಇರಬೇಕಾಗಿದ್ದಲ್ಲಿ ಉಜ್ಜಿದ ಗೋಡೆಯಂಥ ಬಿಳುಪು.

ಎರಡು ಪಟ. ಬಸಪ್ಪಣ್ಣನ ಅಪ್ಪ ತಪ್ಪು ಹೇಳಿರಲಿಲ್ಲ. ಸೊರಬದಜ್ಜ ಆ ಗೋಡೆಯ ಮೇಲೆ ಇದ್ದೇ ಇದ್ದರು. ಬೇರೊಬ್ಬನ ಬೆನ್ನಿಗೆ ಮುಖ ಒತ್ತಿಕೊಂಡು ಇದ್ದರು. ಅಕ್ಕನ ವಿಭೂತಿಯ ನೀರು ಪ್ರತಿ ಸೋಮವಾರ ಇಳಿದದ್ದು ಅವರ ಮೇಲೆಯೇ.

ಅಲ್ಲಿಗೆ ಅವರನ್ನು ಸೇರಿಸಿದವರು ಯಾರು? ಗಾಜು ಹಾಕಿಸಲು ಹೋದದ್ದು ನಾನು. ಅಂಗಡಿಯ ಹೆಂಚು, ಗಾಜು ಕೊಯ್ಯುವಾಗ ಹಲ್ಲಿಗೆ ತಾಕಿದ ಸದ್ದು, ಪೊಟ್ಟಣದ ಶೇಂಗಾ, ಎಲ್ಲ ನೆನಪಿದೆ. ಕಟ್ಟು ಹಾಕುವವನು "ಹಿಂದ ಕೊಡಾಕ ದಪ್ಪಂದೊಂದು ರಟ್ಟು ತರ್ರೀ ಅಕ್ಕೋರೇ, ನನ್ನ ಹತ್ರ ಇಲ್ಲ" ಎಂದು ಹೇಳಿದ್ದು ನೆನಪಿದೆ. ಮನೆಗೆ ಬಂದು ಟ್ರಂಕು ತೆರೆದದ್ದು ನೆನಪಿದೆ. ಕೈಗೆ ಏನು ಸಿಕ್ಕಿತು ಎಂಬಲ್ಲಿ ಏನೂ ಇಲ್ಲ, ಹೆಸರು ಕೊರೆಯದೆ ಬಿಟ್ಟ ಜಾಗದಂತೆ. ನೋಡಿಯೇ ಕೊಟ್ಟೆನೆ? ಬೇರೆ ಯಾರೋ ಆರಿಸಿ ಕೊಟ್ಟರೆ? ಟ್ರಂಕು ತೆರೆದದ್ದಾದರೂ ನಿಜವೆ, ಅಥವಾ ಉಲ್ರಿಕೆಯ ಕೋಣೆಯಲ್ಲಿ ನಿಂತು ಆಗಷ್ಟೇ ಕಟ್ಟಿದ ನೆನಪೆ?

"ಫೋಟೋ ತೆಗೆದಿದ್ದೀರಾ? ಬಿಡಿಸುವ ಮೊದಲು?" ಎಂದೆ.

ತೆಗೆದಿದ್ದಳು. ಅವಳು ಪ್ರತಿ ಹಂತಕ್ಕೂ ಫೋಟೋ ತೆಗೆಯುವವಳು. ರಟ್ಟಿನ ಒಂದು ಮೂಲೆ ಮೊದಲು ಎದ್ದು ಬಂದಾಗಿನದ್ದು ತೋರಿಸಿದಳು. ಕಂದು ಕಲೆಯ ನಡುವೆ ರುಮಾಲಿನ ಅಂಚು, ಅದರ ಕೆಳಗೆ ಒಂದು ಕಿವಿ. ದೊಡ್ಡ ಕಿವಿ. ಹಾಲೆ ಸ್ವಲ್ಪ ಜೋತಿತ್ತು. ಅಪ್ಪನದ್ದು ಹಾಗೇ ಇತ್ತು.

"ಯಾರು?" ಎಂದಳು ಉಲ್ರಿಕೆ.

ಈ ಸಲ ನಿಜ ಹೇಳಿದೆ. ಅವಳು ಕುರ್ಚಿಯಲ್ಲಿ ಕೂತಳು. "ಆದರೆ ನಾನು ಕೇಳಿದೆನಲ್ಲ," ಎಂದಳು. ದೂರುವ ದನಿಯಲ್ಲ. ತನಗೆ ತಾನೇ ಲೆಕ್ಕ ಒಪ್ಪಿಸುವ ದನಿ. ಅವಳು ಕೇಳಿದ್ದಳು. ಎರಡು ಸಲ ಕೇಳಿದ್ದಳು. ಅವಳ ಮೇಲೆ ಸಿಟ್ಟು ಮಾಡಲು ಒಂದು ಸಣ್ಣ ಎಳೆ ಸಿಕ್ಕಿದ್ದರೂ ಈ ಬರಹ ಬೇರೆಯಾಗಿರುತ್ತಿತ್ತು.

ಪ್ರದರ್ಶನ

ನಾನು ಹೊರಡುವ ಹಿಂದಿನ ದಿನ ಮ್ಯೂಸಿಯಂನಲ್ಲಿ ಖಗೋಳಜ್ಞನ ಕುರಿತ ಪ್ರದರ್ಶನ ತೆರೆಯಿತು. ನಮ್ಮ ಹಾಳೆಗೆ ಒಂದಿಡೀ ಗೋಡೆ ಕೊಟ್ಟಿದ್ದರು. ಜನ ವೈನ್ ಹಿಡಿದು ಮೆಲ್ಲಗೆ ಬಂದು ನಿಂತು, ಮೆಲ್ಲಗೆ ಹೋಗುತ್ತಿದ್ದರು. ಪಕ್ಕದ ಫಲಕದಲ್ಲಿ ಹೀಗಿತ್ತು: ಈ ಹಾಳೆಯನ್ನು ಭೂಮಾಪನದ ಅಧಿಕಾರಿಯೊಬ್ಬ ಸೊರಬದ ಶ್ಯಾನುಭೋಗರಿಗೆ ಕಾಣಿಕೆಯಾಗಿ ಕೊಟ್ಟ.

ಬಸಪ್ಪಣ್ಣನ "ಇರಬೋದು" ಎಲ್ಲಿ ಹೋಯಿತು? ಮೊದಲ ವಾರದ ಊಟದಲ್ಲಿ ನಾನೇ ಈ ಕತೆ ಹೇಳಿದ್ದೆ. ಆಗ "ಇರಬಹುದು" ಎಂದಿದ್ದೆನೋ, ಬಿಟ್ಟಿದ್ದೆನೋ. ಟೀ ಕುಡಿಯುತ್ತ ಆಡಿದ ಒಂದು ಊಹೆ ಎರಡು ಭಾಷೆಯಲ್ಲಿ ಅಚ್ಚಾಗಿ ಗೋಡೆ ಸೇರಿತ್ತು. ನಮ್ಮ ಮನೆಯ ಅಂಥದೇ ಗೋಡೆಯ ಮುಂದೆ ನಿಂತು ಅಕ್ಕನನ್ನು ದಡ್ಡಿ ಎಂದದ್ದು ನೆನಪಾಯಿತು.

ಮರುದಿನ ಗೋಡೆಗೆ ನಕಲು ಹಾಕಿ, ಮೂಲವನ್ನು ಹೊಸ ಕಟ್ಟಿನಲ್ಲಿ ನನ್ನ ಕೈಗಿತ್ತರು. ಹೊಳಪಿಲ್ಲದ ವಿಶೇಷ ಗಾಜು. ರಟ್ಟನ್ನು ಬೇರೆ ಲಕೋಟೆಯಲ್ಲಿಟ್ಟು, ಕಿವಿಯ ಫೋಟೋವನ್ನು ದೊಡ್ಡದು ಮಾಡಿ ಅದರ ಜೊತೆಗಿಟ್ಟಿದ್ದಳು ಉಲ್ರಿಕೆ. ಬಾಗಿಲವರೆಗೆ ಬಂದಳು. ಅಕ್ಕನಿಗೆ ಏನಾದರೂ ಬರೆದು ಕೊಡಲೇ ಎಂದಳು. ಬೇಡ ಎಂದೆ.

ಶಿಕಾರಿಪುರ

ಅಕ್ಕನಿಗೆ ಎಲ್ಲ ಹೇಳಿದೆ. ಸಹಿಯನ್ನೂ ಹೇಳಿದೆ, ಹಾರಿ ಕೂತ ಬೂದಿಯನ್ನೂ. ಆಕೆ ಪಟವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು.

"ಹಾಳ ಹಣಿ ಮಾಡಿ ಕಳ್ಸ್ಯಾರಲ್ಲೇ."

"ಅವರಲ್ಲಕ್ಕ. ನಾನು."

ಆಕೆ ಅಜ್ಜಿಯ ಸಾಲನ್ನು ಬೆರಳಿಟ್ಟು ಓದಿದಳು. ಕಿವಿಯ ಫೋಟೋವನ್ನು ಬಾಗಿಲ ಬೆಳಕಿಗೆ ಒಯ್ದಳು. "ಅಪ್ಪಂದ ಕಿವಿ," ಎಂದಳು.

ಇಲ್ಲಿಂದ ಮುಂದಿನದನ್ನು ಮೊದಲು ಹೀಗೆ ಬರೆದಿದ್ದೆ: ಅಕ್ಕ ರಟ್ಟನ್ನು ಅಜ್ಜಿಯ ಅಕ್ಷರ ಮುಂದಾಗಿ ಕಟ್ಟಿನೊಳಗೆ ಹಾಕಿಸಿ, ಖಗೋಳಜ್ಞನನ್ನು ಅದರ ಹಿಂದೆ ರಟ್ಟಾಗಿ ಕೊಟ್ಟಳು ಎಂದು. ಓದಿದವರು ಚೆನ್ನಾಗಿದೆ ಎನ್ನುತ್ತಿದ್ದರು. ಹಾಗೇನೂ ಆಗಲಿಲ್ಲ. ರಟ್ಟೂ ಕಿವಿಯೂ ಟ್ರಂಕಿಗೆ ಹೋದವು. ಪಟವನ್ನು ಆಕೆ ಅದೇ ಮೊಳೆಗೆ ತಗುಲಿಸಿದಳು.

ಸೋಮವಾರ ಬಂತು. ಅಕ್ಕ ಬೆರಳು ಅದ್ದಿ, ಅಪ್ಪನಿಗೆ, ಅವ್ವನಿಗೆ, ಅಜ್ಜನಿಗೆ, ಅಜ್ಜಿಗೆ ಹಚ್ಚಿದಳು. ಐದನೆಯದರ ಮುಂದೆ ನಿಲ್ಲದೆ ಕೈ ತೊಳೆದುಕೊಂಡಳು.

"ಅವರಿಗೆ?" ಎಂದೆ.

"ಪರಸ್ಥಳದೋರು. ನಾವು ಹಣಿ ಮುಟ್ಟಬಾರದು."

ನಲವತ್ತು ವರ್ಷದಿಂದ ನಾನು ಆಕೆಯ ಬಾಯಲ್ಲಿ ಕೇಳಬಯಸಿದ್ದು ಇದೇ ಮಾತು. ಕೇಳಿಯಾಯಿತು.

ಮುಂದಿನ ಸೋಮವಾರ ಅಕ್ಕ ಹಿತ್ತಿಲಿಗೆ ಹೋದಾಗ ನಾನೇ ಎದ್ದೆ. ಮೂರು ಬೆರಳನ್ನು ನೀರಲ್ಲಿ ಅದ್ದಿ, ಗಟ್ಟಿಯ ಮೇಲೆ ಉಜ್ಜಿ, ಆ ಹೊಳಪಿಲ್ಲದ ಗಾಜಿನ ಮೇಲೆ ಎಳೆದೆ. ಅಭ್ಯಾಸವಿಲ್ಲದ ಕೈ, ಪಟ್ಟೆ ಸೊಟ್ಟಗಾದವು. ಒಂದು ಹನಿ ಕಟ್ಟಿನ ಅಂಚಿಗೆ ಇಳಿಯಿತು.

ಅಕ್ಕ ಒಳಗೆ ಬಂದು ನೋಡಿದಳು. ಸೆರಗಿನ ತುದಿ ಹಿಡಿದು, ಬಂದ ಅತಿಥಿಗೆ ಕುರ್ಚಿ ಒರೆಸಿ ಕೊಡುವ ಹಾಗೆ, ಆ ಗಾಜನ್ನು ಮೂಲೆಮೂಲೆಗೂ ಶುಭ್ರವಾಗಿ ಒರೆಸಿದಳು.